ರೇಣುವನ್ನು ಎಬ್ಬಿಸುವ ಬಗೆ

ಮೊನ್ನೆ ಸಂಜೆ ಮನೆಯೆಲ್ಲ ಇಸ್ತ್ರಿಯ ಬಿಸಿ ವಾಸನೆ ತುಂಬಿತ್ತು. ರಜೆಗೆಂದು ಮಗ ಸಂಜು ಸಂಸಾರ ಸಮೇತ ಶಹಾಪುರದಿಂದ ಸುರಪುರಕ್ಕೆ, ಅಂದರೆ ನನ್ನ ಮನೆಗೆ, ಬಂದಿದ್ದ. ಮರುದಿನ ನಸುಕಿನಲ್ಲಿ ಕ್ರೂಸರ್ ಗಾಡಿ ಬರುವುದಿತ್ತು; ನಾರಾಯಣಪುರದ ಆಣೆಕಟ್ಟು ನೋಡಿಕೊಂಡು ಬಾದಾಮಿ ಕಡೆಗೆ ಹೋಗುವುದೆಂದು ಮಾತಾಗಿತ್ತು. ಸೊಸೆ ಸುಧಾ ಮಕ್ಕಳ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು. ಇನ್ನು ಮಡಚಿ ಚೀಲದಲ್ಲಿಡುತ್ತಾಳೆ ಎಂದು ನಾನು ನೋಡುತ್ತ ಕೂತಿದ್ದರೆ, ಆಕೆ ಏಳು ವರ್ಷದ ಸಾನ್ವಿಯನ್ನೂ ನಾಲ್ಕು ವರ್ಷದ ಚಿನ್ನುವನ್ನೂ ಕರೆದು, ಬೆಚ್ಚಗಿದ್ದ ಆ ಅಂಗಿಗಳನ್ನು ಆಗಲೇ ತೊಡಿಸಿಬಿಟ್ಟಳು. ಕಾಲಿಗೆ ಸಾಕ್ಸ್ ಕೂಡ.

"ಇದ್ಯಾಕ ಸುಧಾ, ಈಗ ಹಾಕಿದಿ? ಹೋಗೂದು ನಾಳಿಗಿ ಅಲ್ಲೇನು?" ಎಂದೆ.

"ಮುಂಜಾನಿ ಎಬ್ಬಿಸೋ ತ್ರಾಸ ಇರೂದಿಲ್ರಿ ಅತ್ತಿ. ಮಕ್ಕೊಂಡವ್ರನ್ನ ಹಂಗ ಎತ್ತಿ ಗಾಡ್ಯಾಗ ಹಾಕಿದ್ರ ಆತು. ಕಣ್ಣ ಬಿಡೂದ್ರಾಗ ಡ್ಯಾಮ್ ಬಂದಿರ್ತದ."

ಎಂಥ ಜಾಣ ಉಪಾಯ ನೋಡಿ. ನಾನು ಮಕ್ಕಳನ್ನು ಸಾಕುವ ಕಾಲದಲ್ಲಿ ಇದು ನನ್ನ ತಲೆಗೆ ಹೊಳೆದಿದ್ದರೆ ಅರ್ಧ ಗಂಟಲು ಉಳಿಯುತ್ತಿತ್ತು. ಭೇಷ್ ಎಂದು ಸೊಸೆಗೆ ಹೇಳಿ ಹಾಸಿಗೆಗೆ ಹೋದೆ. ಆದರೆ ಇಸ್ತ್ರಿಯ ವಾಸನೆಯ ಅಂಗಿ ತೊಟ್ಟು ಮೊಮ್ಮಕ್ಕಳು ಪಕ್ಕದಲ್ಲಿ ಹೊರಳಾಡುತ್ತಿದ್ದಾಗ, ಹೀಗೇ ನಿದ್ದೆಯಲ್ಲಿ ಎತ್ತಿಕೊಂಡು ಹೋದ ಇನ್ನೊಂದು ಮಗುವಿನ ನೆನಪು ಬಂತು. ನನ್ನ ತಮ್ಮನ ಮಗಳು ರೇಣು. ಇಪ್ಪತ್ತು ವರ್ಷಕ್ಕೂ ಹಿಂದಿನ ಮಾತು.

ಅದನ್ನು ಹೇಳುವ ಮೊದಲು ನನ್ನ ಗಂಟಲಿನ ಬಗ್ಗೆ ನಿಮಗೆ ಸ್ವಲ್ಪ ಹೇಳಬೇಕು. ನಾನು ಸರಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿಯಾಗಿದ್ದವಳು. ಪ್ರಾರ್ಥನೆಯ ಸಾಲಿನಲ್ಲಿ ನಿಂತು ನಾನು "ಸಾವಧಾನ್" ಎಂದರೆ ಶಾಲೆಯ ಆಚೆ ಎಮ್ಮೆ ಹೊಡೆದುಕೊಂಡು ಹೋಗುವವರೂ ಒಂದು ಕ್ಷಣ ನಿಲ್ಲುತ್ತಿದ್ದರು. ಒಮ್ಮೆ ಧ್ವಜ ಹಾರಿಸುವ ದಿನ ಮೈಕು ಕೆಟ್ಟಾಗ ಹೆಡ್‌ಮಾಸ್ತರರು ಗಾಬರಿಯಾಗಲಿಲ್ಲ. "ಬಾಯಾರ, ನೀವ ಬರ್ರಿ ಮುಂದ," ಎಂದರು. ನನಗೆ ಇದರಿಂದ ಹೆಮ್ಮೆಯೇ ಆಗಿತ್ತೇ ಹೊರತು ಬೇಸರವಾಗಿರಲಿಲ್ಲ. ದೇವರು ಒಬ್ಬೊಬ್ಬರಿಗೆ ಒಂದೊಂದು ಕೊಡುತ್ತಾನೆ. ನನಗೆ ಗಂಟಲು ಕೊಟ್ಟಿದ್ದಾನೆ ಎಂದುಕೊಂಡಿದ್ದೆ.

ಮನೆಯಲ್ಲಿ ಅದಕ್ಕೆ ಕೆಲಸ ಬೀಳುತ್ತಿದ್ದದ್ದು ಬೇಸಿಗೆಯ ರಜೆಯಲ್ಲಿ. ನಮ್ಮ ಕಡೆಯ ಮೇ ತಿಂಗಳು ನಿಮಗೆ ಗೊತ್ತಿದ್ದರೆ ಹೆಚ್ಚು ಹೇಳಬೇಕಾಗಿಲ್ಲ. ಬೆಳಿಗ್ಗೆ ಒಂಬತ್ತಕ್ಕೆಲ್ಲ ಬಿಸಿಲು ಹೊಸ್ತಿಲ ಮೇಲೆ ಬಂದು ಕೂತುಬಿಡುತ್ತದೆ. ಆಮೇಲೆ ಸಂಜೆಯವರೆಗೆ ಮನುಷ್ಯರು ಹೊರಗೆ ಕಾಲಿಡುವ ಹಾಗಿಲ್ಲ. ಹಾಗಾಗಿ ಮಕ್ಕಳಿಗೆ ಏನಾದರೂ ತೋರಿಸಬೇಕೆಂದರೆ ಕತ್ತಲೆಯಲ್ಲೇ ಹೊರಟು, ನೆರಳು ಉದ್ದವಿರುವಾಗಲೇ ತಿರುಗಿ ಬರಬೇಕು. ಬೇರೆ ಊರುಗಳಲ್ಲಿ ರಜೆ ಎಂದರೆ ತಡವಾಗಿ ಏಳುವುದಂತೆ. ನಮ್ಮಲ್ಲಿ ರಜೆ ಎಂದರೆ ಶಾಲೆಯ ದಿನಕ್ಕಿಂತ ಎರಡು ಗಂಟೆ ಮೊದಲು ಏಳುವುದು. ಎಲ್ಲರೂ ಮಾಳಿಗೆಯ ಮೇಲೆ ಸಾಲಾಗಿ ಮಲಗುತ್ತಿದ್ದೆವು. ನಸುಕಿನಲ್ಲಿ ನಾನು ಎದ್ದು ಒಂದು ಸಲ "ಏಳ್ರೋ" ಎಂದರೆ ನಮ್ಮ ಮಾಳಿಗೆಯ ಜೊತೆಗೆ ಅಕ್ಕಪಕ್ಕದ ಮಾಳಿಗೆಗಳೂ ಏಳುತ್ತಿದ್ದವು. ಹಾಗೆ ಎದ್ದವರಲ್ಲಿ ಹೆಚ್ಚಿನವರು ನನ್ನನ್ನು ಬೈಯುತ್ತಿದ್ದರು. ಮೂರನೇ ಮನೆಯ ಅಜ್ಜ ಒಬ್ಬರು ಮಾತ್ರ ಮಸೀದಿಯ ಬಾಂಗಿನ ಮೊದಲು ತಮ್ಮನ್ನು ಎಬ್ಬಿಸುವುದು ನಾನೇ ಎಂದು ಹೊಗಳುತ್ತಿದ್ದರು. ಆ ಒಂದು ಹೊಗಳಿಕೆ ನನಗೆ ಸಾಕಾಗಿತ್ತು.

ಆ ವರ್ಷ ತಮ್ಮ ಶರಣು, ಅವನ ಹೆಂಡತಿ ಲಕ್ಷ್ಮಿ, ಮಗಳು ರೇಣು ಯಾದಗಿರಿಯಿಂದ ಒಂದು ವಾರದ ಮಟ್ಟಿಗೆ ನಮ್ಮ ಮನೆಗೆ ಬಂದರು. ಶರಣು ಹತ್ತಿ ಮಿಲ್ಲಿನಲ್ಲಿ ಕೆಲಸಕ್ಕಿದ್ದ. ರೇಣುಗೆ ಆಗ ಆರು ವರ್ಷ. ಹುಟ್ಟಿನಿಂದ ಅವಳಿಗೆ ಕಿವಿ ಕೇಳಿಸುವುದಿಲ್ಲ. ಕಲಬುರಗಿಗೆ, ಹೈದರಾಬಾದಿಗೆ ಓಡಾಡಿ, ತೋರಿಸಬೇಕಾದವರಿಗೆಲ್ಲ ತೋರಿಸಿ, ಇನ್ನು ಹೀಗೇ ಎಂದು ಗಂಡಹೆಂಡತಿ ಒಪ್ಪಿಕೊಂಡಾಗಿತ್ತು. ನಾನು ಅವಳನ್ನು ಮದುವೆ ಮುಂಜಿಗಳಲ್ಲಿ ನೋಡಿದ್ದೆನೇ ಹೊರತು ಜೊತೆಗೆ ಇಟ್ಟುಕೊಂಡಿರಲಿಲ್ಲ.

ಬಸ್‌ಸ್ಟ್ಯಾಂಡಿಗೆ ಕರೆಯಲು ಹೋದಾಗ ನೋಡಿದರೆ ಮಗುವಿನ ಕಣ್ಣು ಬಾತುಕೊಂಡಿದ್ದವು. ಶರಣುವಿನ ಕೆನ್ನೆಯ ಮೇಲೆ ಉಗುರಿನ ಗೀರು. ಲಕ್ಷ್ಮಿ ತುಟಿ ಬಿಗಿಹಿಡಿದು ಇಳಿದಳು. ಮನೆಗೆ ಬಂದು ನೀರು ಕುಡಿದ ಮೇಲೆ ಅಡಿಗೆಮನೆಯಲ್ಲಿ ನನ್ನೆದುರು ಬಾಯಿ ಬಿಟ್ಟಳು.

"ಏಳೂದಿಲ್ಲಂತ ಇವ್ರು ಮಕ್ಕೊಂಡಕಿನ್ನ ಹಂಗ ಹೆಗಲ ಮ್ಯಾಲ ಹಾಕ್ಕೊಂಡು ಬಸ್ ಹತ್ತಿಬಿಟ್ರಿ ಅಕ್ಕಾ. ಭೀಮಾ ಹೊಳಿ ಸೇತುವಿ ಮ್ಯಾಲ ಬರೂದ್ರಾಗ ಎಚ್ಚರ ಆತು. ಬಸ್ಸಿನ್ಯಾಗ ಲೈಟಿಲ್ಲ, ಒಬ್ರ ಮಾರಿ ಒಬ್ರಿಗಿ ಕಾಣವಲ್ದು. ಕಣ್ಣ ಮುಚ್ಚುವಾಗ ಮನ್ಯಾಗಿದ್ದಾಕಿ, ಬಿಡೂದ್ರಾಗ ಎಲ್ಲಿ ಅದೀನಂತ ತಿಳೀಬೇಕಲ್ರಿ? 'ಇಲ್ಲೇ ಅದೀನವ್ವಾ' ಅಂದ್ರ ಕೇಳಸ್ತದೇನು? ಶಹಾಪುರ ಬರೂತನಾ ಚೀರ್ಯಾಳ. ಬೆಳಕಾಗಿ ನನ್ನ ಮಾರಿ ಕಂಡ ಮ್ಯಾಲೇ ಸುಮ್ಮಾದ್ಲು."

ನಾನು ಅದುವರೆಗೆ ಕಿವುಡುತನವೆಂದರೆ ಕೇಳಿಸದಿರುವುದು, ಅಷ್ಟೇ ಎಂದುಕೊಂಡಿದ್ದೆ. ಕತ್ತಲೆಯಾದರೆ ಆ ಮಗುವಿಗೆ ಯಾರೊಂದಿಗೂ ಮಾತೇ ಇಲ್ಲವೆಂಬುದು ಹೊಳೆದಿರಲಿಲ್ಲ. ಹಗಲಲ್ಲಿ ಅವಳು ತುಟಿ ನೋಡುತ್ತಿದ್ದಳು, ಕೈ ನೋಡುತ್ತಿದ್ದಳು, ಹುಬ್ಬಿನ ಕುಣಿತ ನೋಡುತ್ತಿದ್ದಳು. ದೀಪ ಆರಿದರೆ ಎಲ್ಲವೂ ಮುಗಿಯುತ್ತಿತ್ತು.

ಇಷ್ಟು ತಿಳಿದ ಮೇಲಾದರೂ ನನಗೆ ಬುದ್ಧಿ ಬರಬೇಕಿತ್ತು. ಅಭ್ಯಾಸ ಎನ್ನುವುದು ಬುದ್ಧಿಗಿಂತ ಮೊದಲು ಏಳುತ್ತದೆ. ಮರುದಿನ ಶಹಾಪುರದ ಬೆಟ್ಟ ನೋಡಲು ಹೋಗುವುದಿತ್ತು. ಮೂಡಣ ಕೆಂಪಾಗುವ ಹೊತ್ತಿಗೆ ದೂರದಿಂದ ನೋಡಿದರೆ ಆ ಬೆಟ್ಟ ಬುದ್ಧ ಮಲಗಿದ ಹಾಗೆ ಕಾಣುತ್ತದೆ. ನನ್ನ ಮಕ್ಕಳಿಗೆ ಅದನ್ನು ತೋರಿಸುವ ಆಸೆ. ಎದ್ದವಳೇ ಮಾಳಿಗೆಯ ಮೇಲೆ ನನ್ನ ಕಾರ್ಯಕ್ರಮ ಶುರು ಮಾಡಿದೆ. ದೊಡ್ಡವನು ಸಂಜು ಹತ್ತು ವರ್ಷದವನು, "ಐದ ನಿಮಿಷ ಅವ್ವಾ" ಎಂದು ಚಾದರವನ್ನು ತಲೆಗೆ ಎಳೆದುಕೊಂಡ. ಸಣ್ಣವನು ಪವ್ಯಾ ಐದು ವರ್ಷದವನು, ಎದ್ದು ಕೂತು, ಕೂತಲ್ಲೇ ಮತ್ತೆ ನಿದ್ದೆ ಹೋದ. ರೇಣು ಮಾತ್ರ ನನ್ನ ಅಷ್ಟು ಗದ್ದಲದ ನಡುವೆ, ಗಾಳಿ ಬೀಸುತ್ತಿದೆಯೇನೋ ಎಂಬಂತೆ ಹಾಯಾಗಿ ಮಲಗಿದ್ದಳು. ಹೊತ್ತಾಗುತ್ತದೆ ಎಂದು ನಾನು ಬಗ್ಗಿ, ಅವಳ ಎರಡೂ ರಟ್ಟೆ ಹಿಡಿದು ಎತ್ತಿ ಕೂರಿಸಿದೆ.

ಆ ಕೂಗನ್ನು ನಾನು ಮರೆತಿಲ್ಲ. ನನ್ನ ಗಂಟಲಿಗಿಂತ ದೊಡ್ಡ ಗಂಟಲು ನಮ್ಮ ಮನೆತನದಲ್ಲಿ ಇನ್ನೊಂದು ಇದೆ ಎಂದು ಅಂದೇ ಗೊತ್ತಾದದ್ದು. ಲಕ್ಷ್ಮಿ ಎಲ್ಲಿದ್ದಳೋ, ಓಡಿ ಬಂದಳು. ದಿಂಬಿನ ಕೆಳಗಿನಿಂದ ಬ್ಯಾಟರಿ ತೆಗೆದು ಹಚ್ಚಿದಳು. ಮಗುವಿನ ಮೇಲೆ ಬೆಳಕು ಬಿಡುತ್ತಾಳೆ ಎಂದುಕೊಂಡೆ. ಇಲ್ಲ, ಗದ್ದದ ಕೆಳಗೆ ಹಿಡಿದು ತನ್ನ ಮುಖದ ಮೇಲೆಯೇ ಬಿಟ್ಟುಕೊಂಡಳು. ಕತ್ತಲೆಯ ನಡುವೆ ಅವಳ ಮುಖವೊಂದೇ ತೇಲಿತು. ರೇಣುವಿನ ಕೂಗು ನಿಂತಿತು. ಬಿಕ್ಕುತ್ತ, ತಾಯಿಯ ಕೆನ್ನೆ ಮುಟ್ಟಿ ನೋಡಿದಳು.

"ಮೊದ್ಲ ಮಾರಿ ತೋರಸ್ಬೇಕ್ರಿ ಅಕ್ಕಾ," ಎಂದಳು ಲಕ್ಷ್ಮಿ ನನ್ನ ಕಡೆ ತಿರುಗದೆ. "ನಮ್ಮ ಮಾರಿ ಮ್ಯಾಲ ಬೆಳಕ ಹಿಡ್ಕೊಂಡು ಕಾಲಿನ ಮ್ಯಾಲ ಹಗುರಕ ಕೈ ಇಡಬೇಕು. ಆಮ್ಯಾಲ ಸುಮ್ಮ ಕುಂದ್ರಬೇಕು. ಆಕಿ ತಾನಾಗೇ ಕಣ್ಣ ಬಿಡ್ತಾಳ."

"ಎಷ್ಟೊತ್ತು?"

"ಬಿಡೂತನಾ."

ನನ್ನಂಥ ಅವಸರದ ಹೆಂಗಸಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಯಾವುದಿದೆ ಹೇಳಿ. ಅಂದು ನಾವು ಶಹಾಪುರ ಮುಟ್ಟುವಷ್ಟರಲ್ಲಿ ಹೊತ್ತು ಮಾರುದ್ದ ಏರಿತ್ತು. ಬಿಳಿ ಬಿಸಿಲಿನಲ್ಲಿ ಬೆಟ್ಟ ಬರೀ ಬೆಟ್ಟದಂತೆ ಕಂಡಿತು. ಸಂಜು ಮುನಿಸಿಕೊಂಡ. ರೇಣು ಮಾತ್ರ ಗಾಡಿಯಿಂದ ಇಳಿದವಳೇ ಬೆಟ್ಟದ ಕಡೆ ನೋಡಿ, ಎರಡೂ ಅಂಗೈ ಜೋಡಿಸಿ ಕೆನ್ನೆಗೆ ಇಟ್ಟುಕೊಂಡು ತಲೆ ವಾಲಿಸಿದಳು. ಮಲಗಿದೆ ಎಂದು. ಅವಳಿಗೆ ಯಾರೂ ಹೇಳಿರಲಿಲ್ಲ.

ಆ ಸಂಜೆ ಗಂಡಹೆಂಡತಿಯ ಜಗಳ ನನ್ನ ಕಿವಿಗೆ ಬಿತ್ತು. ಜಗಳವೆಂದರೆ ಜಗಳವಲ್ಲ, ಮಾಳಿಗೆಯ ಮೂಲೆಯಲ್ಲಿ ಕೂತು ಇಬ್ಬರೂ ಗುಸುಗುಸು ವಾದಿಸುತ್ತಿದ್ದರು. ಜೂನ್ ತಿಂಗಳಲ್ಲಿ ರೇಣುವನ್ನು ಕಲಬುರಗಿಯಲ್ಲಿ ಕಿವಿ ಕೇಳಿಸದ ಮಕ್ಕಳ ವಸತಿ ಶಾಲೆಗೆ ಹಾಕುವ ವಿಚಾರ. ಹೆತ್ತ ತಾಯಿ ಬೇಡವೆನ್ನುತ್ತಾಳೆ, ತಂದೆ ಹಟ ಹಿಡಿದಿದ್ದಾನೆ ಎಂದು ನಾನು ಎಣಿಸಿದ್ದೆ. ಹತ್ತಿರ ಹೋಗಿ ಕೂತಾಗ ತಿಳಿಯಿತು, ಎಲ್ಲವೂ ತಿರುವುಮುರುವು. ಕಳಿಸಲೇಬೇಕು ಎನ್ನುವವಳು ಲಕ್ಷ್ಮಿ.

"ನೀನಾದ್ರೂ ಹೇಳಕ್ಕಾ," ಎಂದ ಶರಣು. "ಆರು ವರ್ಷದ ಕೂಸು. ಅಲ್ಲಿ ಯಾರ ಆಕಿನ್ನ ಎಬ್ಬಸವ್ರು? ಕತ್ತಲದಾಗ ಎಚ್ಚರಾದ್ರ ಯಾರ ಮಾರಿ ತೋರಸ್ತಾರ? ಬಸ್ಸಿನ್ಯಾಗ ಆಗಿದ್ದು ನಾ ಕಣ್ಣಾರೆ ನೋಡೀನಿ."

"ನಾ ಎಷ್ಟ ವರ್ಷ ಬ್ಯಾಟ್ರಿ ಹಿಡದು ಕುಂದರ್ಲಿ?" ಎಂದಳು ಲಕ್ಷ್ಮಿ. "ನಾ ಇಲ್ಲದ ದಿನ ಆಕಿಗಿ ಬೆಳಗಾಗಬಾರ್ದೇನು? ನಾ ಏಳನೇತ್ತಾ ಕಲ್ತು ಸಾಲಿ ಬಿಟ್ಟಾಕಿ. ನನ್ನ ಕೈಲೆ ಆಗೂದೆಲ್ಲಾ ಕಲಿಸೀನಿ. ಮುಂದಿಂದು ನನಗ ಬರೂದಿಲ್ಲ."

ನಾನು ಯಾರ ಪರವನ್ನೂ ಹಿಡಿಯಲಿಲ್ಲ. ಶಿಕ್ಷಕಿಯಾಗಿ ಲಕ್ಷ್ಮಿಯ ಮಾತು ಸರಿ ಎನ್ನಿಸುತ್ತಿತ್ತು, ಅತ್ತೆಯಾಗಿ ಶರಣುವಿನ ಮಾತು. ಕೊನೆಗೆ ಅವನೇ ಒಂದು ಷರತ್ತು ಹಾಕಿದ. ಈ ರಜೆ ಮುಗಿಯುವುದರೊಳಗೆ ರೇಣು ಒಂದು ದಿನವಾದರೂ ಯಾರ ಸಹಾಯವಿಲ್ಲದೆ ತಾನಾಗಿ ಎದ್ದು ತಯಾರಾಗಲಿ. ಹಾಗಾದರೆ ಕಳಿಸುತ್ತೇನೆ. ಇಲ್ಲವಾದರೆ ಮುಂದಿನ ವರ್ಷ ನೋಡೋಣ.

ಹೀಗೆ ನಮ್ಮ ರಜೆಯ ಬೆಳಗುಗಳೆಲ್ಲ ಒಂದು ಪರೀಕ್ಷೆಯಾದವು. ಬರೆಯುವವಳಿಗೆ ಮಾತ್ರ ಪರೀಕ್ಷೆ ನಡೆಯುತ್ತಿದೆ ಎಂಬುದೇ ಗೊತ್ತಿರಲಿಲ್ಲ.

ಲಕ್ಷ್ಮಿ ಸಂಜೆಯೇ ತಯಾರಿ ಶುರು ಮಾಡುತ್ತಿದ್ದಳು. ಮಗಳನ್ನು ಎದುರಿಗೆ ಕೂರಿಸಿಕೊಂಡು ನಾಳೆ ಏನೇನು ಆಗುತ್ತದೆ ಎಂದು ಕೈಯಲ್ಲಿ ಹೇಳುತ್ತಿದ್ದಳು. ಅಂಗೈ ಕೆನ್ನೆಗೆ, ಅಂದರೆ ಮಲಗುವುದು. ಮುಷ್ಟಿ ಮೆಲ್ಲಗೆ ಮೇಲೇರಿ ಅರಳಿದರೆ ಹೊತ್ತು ಹುಟ್ಟುವುದು. ಅದಕ್ಕಿಂತ ಮೊದಲು ಏಳುವುದು, ಹಲ್ಲುಜ್ಜುವುದು, ಜಡೆ, ಗಾಡಿ. ಲಂಗ, ಫ್ರಾಕು, ರಿಬ್ಬನ್ನು, ಚಪ್ಪಲಿಗಳನ್ನು ತೊಡುವ ಕ್ರಮದಲ್ಲೇ ಹಾಸಿಗೆಯ ಪಕ್ಕ ಸಾಲಾಗಿ ಇಡುತ್ತಿದ್ದಳು. ರೇಣು ಎಲ್ಲವನ್ನೂ ತಲೆದೂಗಿ ಒಪ್ಪಿಕೊಳ್ಳುತ್ತಿದ್ದಳು. ಒಪ್ಪಿಕೊಂಡು ಮಲಗಿದರೆ ಮುಗಿಯಿತು, ಬೆಳಗಿನವರೆಗೆ ಬೆಟ್ಟದ ಬುದ್ಧನಿಗೇ ಪೈಪೋಟಿ.

ನಾನೂ ಒಂದು ಉಪಾಯ ಹೂಡಿದೆ. ಶಿಕ್ಷಕಿಯ ತಲೆ ಸುಮ್ಮನಿರಬೇಕಲ್ಲ. ರೇಣುವಿನ ಕಾಲ ಹೆಬ್ಬೆರಳಿಗೆ ಒಂದು ದಾರ ಕಟ್ಟಿ, ಇನ್ನೊಂದು ತುದಿಯನ್ನು ನನ್ನ ಕೈಗೆ ಕಟ್ಟಿಕೊಂಡೆ. ಬೆಳಿಗ್ಗೆ ಮೆಲ್ಲಗೆ ಎಳೆದರೆ ಎಚ್ಚರವಾಗುತ್ತದೆ, ಕ್ರಮೇಣ ದಾರವಿಲ್ಲದೆಯೂ ಅದೇ ಹೊತ್ತಿಗೆ ಎಚ್ಚರವಾಗುವ ರೂಢಿ ಬೀಳುತ್ತದೆ ಎಂಬುದು ನನ್ನ ಲೆಕ್ಕ. ನಡುವೆ ನೀರು ಕುಡಿಯಲು ನಾನೇ ಎದ್ದು, ದಾರದ ನೆನಪಿಲ್ಲದೆ ಮೆಟ್ಟಿಲ ಕಡೆ ನಡೆದೆ. ಮಗು ಚಾದರ ಸಮೇತ ಅರ್ಧ ಮಾರು ನನ್ನ ಹಿಂದೆ ಜಾರಿ ಬಂತು. ಆದರೂ ಎಚ್ಚರವಾಗಲಿಲ್ಲ ನೋಡಿ! ಮರುದಿನ ನಮ್ಮ ಮನೆಯವರು ಇದನ್ನು ಓಣಿಗೆಲ್ಲ ಹೇಳಿಕೊಂಡು ನಕ್ಕರು.

ಈ ನಡುವೆ ರೇಣು ನನಗೊಂದು ಹೆಸರಿಟ್ಟಳು. ಅವಳ ಭಾಷೆಯಲ್ಲಿ ಎಲ್ಲರಿಗೂ ಒಂದೊಂದು ಹೆಸರಿತ್ತು. ಅಪ್ಪನೆಂದರೆ ಮೀಸೆ, ಸಂಜು ಎಂದರೆ ಹುಬ್ಬಿನ ಮೇಲಿನ ಗಾಯದ ಗುರುತು. ನನ್ನನ್ನು ತೋರಿಸಬೇಕಾದರೆ ಕುತ್ತಿಗೆಗೆ ಕೈಯಿಟ್ಟು ಬೆರಳುಗಳನ್ನು ಫಕ್ಕನೆ ಅಗಲಿಸುತ್ತಿದ್ದಳು. ಅರ್ಥವೇನು ಎಂದು ಕೇಳಿದರೆ ಲಕ್ಷ್ಮಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ನೀವು ಒದರುವಾಗ ಕುತ್ತಿಗಿ ನರ ಉಬ್ಬತಾವಂತ್ರಿ ಅಕ್ಕಾ." ಒಂದು ದಿನ ನಾನು ಅಂಗಳದಲ್ಲಿ ನಿಂತು ಹಾಲಿನವನನ್ನು ಕೂಗುತ್ತಿದ್ದಾಗ ಹಿಂದಿನಿಂದ ಬಂದು ನನ್ನ ಬೆನ್ನಿಗೆ ಅಂಗೈ ಒತ್ತಿ ನಿಂತಳು. ಬೆನ್ನಿನ ಒಳಗಿನ ಗುಡುಗು ಅವಳ ಕೈಗೆ ತಾಗಿರಬೇಕು. ಕಣ್ಣರಳಿಸಿ ನಕ್ಕಳು. ಇನ್ನೊಮ್ಮೆ ಕೂಗು ಎಂದು ಬೆನ್ನು ತಟ್ಟಿದಳು. ಹಾಲಿನವನು ಬಂದು ನಿಂತ ಮೇಲೂ ಅವಳಿಗಾಗಿ ನಾನು ಅವನನ್ನು ಕೂಗುತ್ತಲೇ ಇದ್ದೆ. ಆ ಮನುಷ್ಯ ಏನೆಂದುಕೊಂಡನೋ.

ವಾರದ ನಡುವೆ ಬೋನಾಳ ಕೆರೆಗೆ ಹಕ್ಕಿ ನೋಡಲು ಹೋದೆವು. ಟಂಟಂ ಆಟೋ ಓಡಿಸುವ ಖಾಜಾ ನಮ್ಮನ್ನು ಏರಿಯ ಹತ್ತಿರ ಇಳಿಸಿ, "ಅಕ್ಕಾ, ತುಮ್ಹಾರಿ ಆವಾಜ್ ಗಾಡ್ಯಾಗ ಬಿಟ್ಟು ಹೋಗ್ರಿ. ಒಂದ್ ಸಲ ಹಾರಿದ್ರ ಮುಗೀತು," ಎಂದ. ನಾನು ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕೂತೆ. ಇನ್ನೂ ಬೂದಿ ಬಣ್ಣದ ಬೆಳಕು. ಬೇಸಿಗೆಯಲ್ಲಿ ಹಿಂದೆ ಸರಿದ ನೀರು, ಅದರ ಅಂಚಿನುದ್ದಕ್ಕೂ ಬೆಳ್ಳಕ್ಕಿ, ನೀರುಕೋಳಿ, ನನಗೆ ಹೆಸರು ಗೊತ್ತಿಲ್ಲದ ಉದ್ದ ಕಾಲಿನವು. ಮಾತಾಡುವ ಹಾಗಿಲ್ಲ. ಐದು ನಿಮಿಷ ಕಳೆಯುವಷ್ಟರಲ್ಲಿ ಸಂಜು ಚಡಪಡಿಸತೊಡಗಿದ. ಅವನು ಏನೋ ಕಂಡಿದ್ದಾನೆ, ಹೇಳಬೇಕು, ಹೇಳಲಾಗದು. ರೇಣು ಅವನ ತೋಳು ತಟ್ಟಿದಳು. ಬೆರಳುಗಳನ್ನು ಕೊಕ್ಕಿನಂತೆ ಮಾಡಿ, ಮುಂಗೈಯನ್ನು ಉದ್ದ ಕುತ್ತಿಗೆಯಂತೆ ಬಾಗಿಸಿ ತೋರಿಸಿದಳು. ಅವನು ಅದೇ, ಅದೇ ಎಂದು ತಲೆಯಾಡಿಸಿ ತಾನೂ ಹಾಗೆ ಮಾಡಿದ. ಪವ್ಯಾ ಇನ್ನೊಂದು ಹಕ್ಕಿಗೆ ಇನ್ನೊಂದು ಗುರುತು ಹುಟ್ಟಿಸಿದ. ನೋಡುನೋಡುತ್ತ ಮೂವರೂ ಮಕ್ಕಳು ಮಾತಿಗೆ ಬಿದ್ದರು. ಪ್ರಶ್ನೆ, ಉತ್ತರ, ಚೇಷ್ಟೆ, ಬೈಗುಳ ಎಲ್ಲವೂ ಕೈಯಲ್ಲೇ. ಒಂದು ಹಕ್ಕಿಯೂ ಹಾರಲಿಲ್ಲ. ಆ ಕೆರೆಯ ದಂಡೆಯಲ್ಲಿ ಮಾತು ಬಾರದವಳು ನಾನೊಬ್ಬಳೇ ಆಗಿ ಕೂತಿದ್ದೆ.

ಅಂದಿನಿಂದ ಮಕ್ಕಳ ಆಟವೆಲ್ಲ ಅದೇ ಭಾಷೆಯಲ್ಲಿ ನಡೆಯಿತು. ಮನೆ ಎಷ್ಟು ಶಾಂತವಾಯಿತೆಂದರೆ ನನಗೆ ಭಯವಾಗುತ್ತಿತ್ತು. ಆದರೆ ಬೆಳಗಿನ ಪರೀಕ್ಷೆಯಲ್ಲಿ ಮಾತ್ರ ರೇಣು ದಿನವೂ ನಪಾಸು.

ಕೊನೆಯ ದಿನ ಬಂತು. ಯಾದಗಿರಿಗೆ ಹೋಗುವ ಮೊದಲ ಬಸ್ಸು ಹಿಡಿಯಬೇಕು, ಇಲ್ಲವಾದರೆ ಉರಿಬಿಸಿಲಿನ ಪ್ರಯಾಣ. ಲಕ್ಷ್ಮಿ ಹಿಂದಿನ ಸಂಜೆ ಎಲ್ಲವನ್ನೂ ಮತ್ತೆ ಮತ್ತೆ ಕೈಯಲ್ಲಿ ಹೇಳಿದ್ದಳು. ನಸುಕಿನಲ್ಲಿ ಎದ್ದು, ಜಳಕ ಮಾಡಿ, ತಲೆ ಬಾಚಿಕೊಂಡು ಬಂದು ಮಗಳಿಂದ ದೂರ, ಮಾಳಿಗೆಯ ಕಟ್ಟೆಯ ಮೇಲೆ ಕೂತಳು. ಬ್ಯಾಟರಿಯನ್ನು ಹಾಸಿಗೆಯ ಹತ್ತಿರವೇ ಬಿಟ್ಟಿದ್ದಳು. ಆ ಕಡೆ ಶರಣು ಕೂತ. ನಡುವೆ ನಾನು. ಮೂರು ಜನ ದೊಡ್ಡವರು ಕತ್ತಲೆಯಲ್ಲಿ ಬಾಯಿ ಮುಚ್ಚಿಕೊಂಡು ಒಂದು ಮಗು ಕಣ್ಣು ಬಿಡಲಿ ಎಂದು ಕಾದೆವು. ಲಕ್ಷ್ಮಿಯ ಕೈಗಳು ತೊಡೆಯ ಮೇಲೆ ಒಂದನ್ನೊಂದು ಹಿಡಿದುಕೊಂಡಿದ್ದವು; ಬಿಟ್ಟರೆ ಅವೇ ಎದ್ದು ಹೋಗಿ ಮಗಳನ್ನು ಮುಟ್ಟುತ್ತವೇನೋ ಎಂಬ ಹಾಗೆ. ಮೂಡಣದಲ್ಲಿ ಒಂದು ತೆಳು ಗೆರೆ ಬಿಳುಪಾಯಿತು. ರೇಣು ಬಾಯಿ ತೆರೆದುಕೊಂಡು, ಒಂದು ಕಾಲನ್ನು ಪವ್ಯಾನ ಮೇಲೆ ಹಾಕಿ, ಸುಖವಾಗಿ ಮಲಗಿದ್ದಳು.

ಬಹಳ ಹೊತ್ತಿನ ಮೇಲೆ ಲಕ್ಷ್ಮಿ ಎದ್ದಳು. "ಇರ್ಲಿ ಬಿಡ್ರಿ," ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ. "ಮುಂದಿನ ವರ್ಷ ನೋಡೂಣು." ಚೀಲ ಕಟ್ಟಲು ಕೆಳಗೆ ಇಳಿದು ಹೋದಳು.

ಶರಣು ಗೆದ್ದಿದ್ದ. ಗೆದ್ದವನ ಮುಖ ಹಾಗಿರುವುದನ್ನು ನಾನು ಬೇರೆಲ್ಲೂ ನೋಡಿಲ್ಲ. ಮಗಳನ್ನು ಎಬ್ಬಿಸಲು ಅವನು ಏಳುವಷ್ಟರಲ್ಲಿ ಪವ್ಯಾ ಹೊರಳಿದ. ನಮ್ಮ ಗುಸುಗುಸು ಕೇಳಿ ಎಚ್ಚರವಾಗಿರಬೇಕು. ಕಣ್ಣುಜ್ಜಿಕೊಂಡ, ತನ್ನ ಮೇಲಿದ್ದ ಕಾಲನ್ನು ಎತ್ತಿ ಪಕ್ಕಕ್ಕಿಟ್ಟ, ಬ್ಯಾಟರಿ ತಡಕಿ ಹಚ್ಚಿದ. ನಮ್ಮ ಕಡೆ ನೋಡಲೂ ಇಲ್ಲ. ರೇಣುವಿನ ಪಾದದ ಹತ್ತಿರ ಚಕ್ಕಳಮಕ್ಕಳ ಹಾಕಿ ಕೂತು, ಬೆಳಕನ್ನು ತನ್ನ ಗದ್ದದ ಕೆಳಗೆ ಹಿಡಿದುಕೊಂಡು, ಅವಳ ಕಾಲಿನ ಮೇಲೆ ಒಂದು ಕೈಯಿಟ್ಟ. ಆಮೇಲೆ ಸುಮ್ಮನೆ ಕಾದ. ಐದು ವರ್ಷದ ಹುಡುಗ, ದಿನವೂ ಕೂತಲ್ಲೇ ನಿದ್ದೆ ಹೋಗುವವನು! ಅವನಿಗೆ ಆಕಳಿಕೆ ಬಂತು, ತಲೆ ತೂಗಿತು, ಬೆಳಕು ಕೆನ್ನೆಗೆ ಜಾರಿತು. ಮತ್ತೆ ಸರಿಮಾಡಿಕೊಂಡ. ಕೈ ಮಾತ್ರ ಪಾದದ ಮೇಲಿಂದ ಕದಲಲಿಲ್ಲ.

ರೇಣು ಕಣ್ಣು ಬಿಟ್ಟಳು. ಕತ್ತಲೆಯಲ್ಲಿ ತೇಲುತ್ತಿದ್ದ ಆ ತೂಕಡಿಕೆಯ ಮುಖವನ್ನು ನೋಡಿದಳು. ಹೆದರಲಿಲ್ಲ. ಮಲಗಿದಲ್ಲೇ ನಕ್ಕಳು. ಪವ್ಯಾ ಎರಡೂ ಕೈಯಿಂದ ಬಸ್ಸಿನ ಚಕ್ರ ತಿರುಗಿಸಿದ. ಅವಳು ಏನೋ ಉತ್ತರ ಕೊಟ್ಟಳು, ಇಬ್ಬರೂ ನನ್ನ ಕಡೆ ತಿರುಗಿ ಕುತ್ತಿಗೆಗೆ ಕೈಯಿಟ್ಟುಕೊಂಡು ಕಿಸಿಕಿಸಿ ನಕ್ಕರು.

"ಅವಂಗ ಯಾರ ಕಲಿಸಿದ್ರಕ್ಕಾ?" ಎಂದ ಶರಣು.

"ಯಾರೂ ಕಲಿಸಿಲ್ಲ. ದಿನಾ ನೋಡ್ಯಾನಲ್ಲ."

ಶರಣು ಮತ್ತೆ ಕಟ್ಟೆಯ ಮೇಲೆ ಕೂತುಬಿಟ್ಟ. ರೇಣು ತಾನಾಗಿಯೇ ಫ್ರಾಕು ಹಾಕಿಕೊಂಡಳು, ಒಳಗಿನದು ಹೊರಗೆ ಮಾಡಿ. ಪವ್ಯಾ ಗುಂಡಿ ಹಾಕಲು ಹೋಗಿ ಒಂದು ತೂತು ತಪ್ಪಿಸಿದ. ಶರಣು ನೋಡುತ್ತಲೇ ಇದ್ದ. ಆಮೇಲೆ ನಿಧಾನವಾಗಿ, ತನಗೆ ತಾನೇ ಹೇಳಿಕೊಂಡಂತೆ, "ಅಲ್ಲಿ ಆ ಸಾಲ್ಯಾಗ ಎಲ್ಲಾ ಹುಡ್ರೂ ನಮ್ಮಾಕಿ ಹಂಗೇ ಇರ್ತಾವಲ್ಲಕ್ಕಾ," ಎಂದ.

"ಹೂಂ."

"ಒಬ್ರನ್ನ ಒಬ್ರು ಎಬ್ಬಸ್ತಾವು."

"ಎಬ್ಬಸ್ತಾವಪ್ಪ. ಅಲ್ಲಿ ನನ್ನಂಗ ಒದರವ್ರು ಯಾರೂ ಇರೂದಿಲ್ಲ."

ಅವನು ಎದ್ದು ಕೆಳಗೆ ಹೋದ. ನಾನೂ ಮೆಟ್ಟಿಲವರೆಗೆ ಹೋದೆ. ಲಕ್ಷ್ಮಿ ಚೀಲದ ಬಾಯಿ ಕಟ್ಟುತ್ತಿದ್ದಳು. "ಕಳಸೂಣು," ಎಂದ ಶರಣು, ಅಷ್ಟೇ. ಅವಳು ತಲೆ ಎತ್ತಲಿಲ್ಲ. ಗಂಟು ಬಿಗಿದಳು, ಬಿಚ್ಚಿದಳು, ಮತ್ತೆ ಬಿಗಿದಳು. ಆಮೇಲೆ ಕೆಳಗಿನ ಮೆಟ್ಟಿಲ ಮೇಲೆ ಕೂತು ಅಳತೊಡಗಿದಳು. ತಾನು ಕೇಳಿದ್ದೇ ಸಿಕ್ಕಿತ್ತು. ಸಿಕ್ಕ ಮೇಲೆಯೇ ಅದೇನೆಂದು ಅವಳಿಗೆ ಕಂಡಿರಬೇಕು: ಜೂನಿನಿಂದ ಮಗಳು ಕಣ್ಣು ಬಿಟ್ಟಾಗ ಮೊದಲು ಕಾಣುವ ಮುಖ ತನ್ನದಾಗಿರುವುದಿಲ್ಲ. ಮೊದಲ ಬಸ್ಸು ತಪ್ಪಿತು. ಅವರು ಮಧ್ಯಾಹ್ನದ ಬಿಸಿಲಲ್ಲೇ ಊರಿಗೆ ಹೋದರು.

ಮಳೆಗಾಲ ಮುಗಿಯುವ ಹೊತ್ತಿಗೆ ಲಕ್ಷ್ಮಿ ಕಲಬುರಗಿಗೆ ಹೋಗಿ, ಹಾಸ್ಟೆಲಿನ ಪಡಸಾಲೆಯಲ್ಲಿ ಒಂದು ರಾತ್ರಿ ಉಳಿದು ಬಂದಳು. ಸುರಪುರ ಅವಳ ದಾರಿಯಲ್ಲಿ ಬರದಿದ್ದರೂ ಬೇಕೆಂದೇ ಬಂದು ನನಗೆ ಹೇಳಿ ಹೋದಳು. ಅಲ್ಲಿ ನಸುಕಿನಲ್ಲಿ ಒಬ್ಬ ಶಿಕ್ಷಕಿ ಬಂದು ದೊಡ್ಡ ಕೋಣೆಯ ದೀಪಗಳನ್ನು ಹಚ್ಚಿ ಆರಿಸಿ ಮಾಡುತ್ತಾರಂತೆ. ಎದ್ದ ಮಕ್ಕಳು ಏಳದವರ ಕಾಲು ಮುಟ್ಟುತ್ತಾರಂತೆ. ಆಮೇಲೆ ಹಾಸಿಗೆಯ ಸಾಲುಗಳ ಈ ತುದಿಯಿಂದ ಆ ತುದಿಗೆ, ಎಲ್ಲ ಕೈಗಳೂ ಒಮ್ಮೆಗೇ ಮಾತಿಗೆ ಶುರು. "ಮುಂಜಾನಿ ಅಲ್ಲಿ ಭಾಳ ಗದ್ಲ ಅದ್ರಿ ಅಕ್ಕಾ," ಎಂದಳು. "ಸಪ್ಪಳಿಲ್ಲದ ಗದ್ಲ. ರೇಣು ನನಗಿಂತ ಜೋರಾಗ್ಯಾಳ. ಆಕಿ ಮಾತು ಅರ್ಧ ನನಗ ತಿಳೀವಲ್ವು." ಇದನ್ನು ಹೇಳುವಾಗ ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಗೊತ್ತಾಗಲಿಲ್ಲ. ಅವಳಿಗೂ ಗೊತ್ತಿರಲಿಕ್ಕಿಲ್ಲ.

ರೇಣು ಈಗ ಕಡೇಚೂರಿನ ಕಡೆ ಒಂದು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿದ್ದಾಳೆ. ಮೊದಲ ಪಾಳಿಯೇ ಇಷ್ಟವಂತೆ. ದಿಂಬಿನ ಕೆಳಗೆ ಗುಯ್ಗುಟ್ಟುತ್ತ ನಡುಗುವ ಮೊಬೈಲು ಅವಳನ್ನು ಎಬ್ಬಿಸುತ್ತದೆ. ಆಮೇಲೆ ಅವಳೇ ಗಂಡನನ್ನು ಎಬ್ಬಿಸುತ್ತಾಳಂತೆ. ಅವನಿಗೆ ಕಿವಿ ಚೆನ್ನಾಗಿ ಕೇಳಿಸುತ್ತದೆ, ಏಳುವುದೊಂದೇ ಕಷ್ಟ ಎಂದು ಲಕ್ಷ್ಮಿ ದೂರುತ್ತಾಳೆ.

ಇಷ್ಟೆಲ್ಲ ನೆನೆಯುತ್ತ ಮೊನ್ನೆ ಯಾವಾಗ ನಿದ್ದೆ ಹೋದೆನೋ ತಿಳಿಯದು. ಎಚ್ಚರವಾದಾಗ ಅಡಿಗೆಮನೆಯಿಂದ ಮಂಡಾಳ, ಅಂದರೆ ಚುರುಮುರಿಯ, ಒಗ್ಗರಣೆಯ ಘಮ ಬರುತ್ತಿತ್ತು. ಸುಧಾ ಬುತ್ತಿ ಕಟ್ಟುತ್ತಿದ್ದಳು. ಮಕ್ಕಳನ್ನು ಎತ್ತಿಕೊಂಡು ಹೋಗಲು ಅವಳು ಬಂದಾಗ, "ನಾ ಎಬ್ಬಸ್ತೀನಿ, ನೀ ಹೋಗು," ಎಂದೆ. ಅವಳ ಮುಖದಲ್ಲಿ ಗಾಬರಿ ಕಂಡಿತು. "ಒದರೂದಿಲ್ಲವ್ವಾ, ಹೋಗು," ಎಂದ ಮೇಲೆಯೇ ಹೋದದ್ದು.

ದೀಪ ಹಚ್ಚಿ ಸಾನ್ವಿಯ ಕಾಲ ಬಳಿ ಕೂತೆ. ಇಸ್ತ್ರಿಯ ಗೆರೆಗಳೆಲ್ಲ ಮುದುಡಿಹೋಗಿದ್ದವು. ಕೈಯಿಟ್ಟು ಕಾದೆ. ಇಬ್ಬರು ಗಂಡುಮಕ್ಕಳನ್ನು ಎಷ್ಟೋ ವರ್ಷ ಎಬ್ಬಿಸಿದವಳು ನಾನು. ಆದರೆ ಏಳುವ ಮಗುವಿನ ಮುಖವನ್ನು ಹೀಗೆ ಹತ್ತಿರ ಕೂತು ಒಮ್ಮೆಯೂ ನೋಡಿರಲಿಲ್ಲ. ಅವರು ಕಣ್ಣು ಬಿಡುವ ಹೊತ್ತಿಗೆ ನಾನು ಇನ್ನೊಂದು ಕೋಣೆಯಲ್ಲೋ ಮಾಳಿಗೆಯ ಇನ್ನೊಂದು ಮೂಲೆಯಲ್ಲೋ ಕೂಗುತ್ತಿರುತ್ತಿದ್ದೆ. ಸಾನ್ವಿಯ ಕಾಲ್ಬೆರಳು ಮೊದಲು ಅಲುಗಿದವು. ಹುಬ್ಬು ಗಂಟಿಕ್ಕಿತು, ಸಡಿಲವಾಯಿತು. ತುಟಿ ಏನನ್ನೋ ಚಪ್ಪರಿಸಿತು. ರೆಪ್ಪೆಗಳು ಎದ್ದು, ಬಿದ್ದು, ಮತ್ತೆ ಎದ್ದವು. ನನ್ನನ್ನು ಕಂಡು ಅವಳು ಚಿನ್ನುವಿನ ಕಡೆಗೆ ಸ್ವಲ್ಪ ಸರಿದು, ಹಾಸಿಗೆಯಲ್ಲಿ ನನಗೆ ಜಾಗ ಬಿಟ್ಟಳು.

ನಾನು ಮೆಲ್ಲಗೆ ಹೋಗಿ ಆ ಬೆಚ್ಚನೆಯ ಜಾಗದಲ್ಲಿ ಅಡ್ಡಾದೆ. ಹೊರಗೆ ಗಾಡಿ ಬಂದು ಹಾರ್ನ್ ಹಾಕಿತು.

"ಅವ್ವಾ, ಎದ್ದಾರೇನು?" ಎಂದು ಸಂಜು ಅಂಗಳದಿಂದ ಕೇಳಿದ.

"ಎದ್ದಾರಪ್ಪ, ಎಲ್ಲಾರೂ ಎದ್ದೀವಿ," ಎಂದು ಹೇಳಿ, ಚಾದರವನ್ನು ಮೂವರ ಮೇಲೂ ಎಳೆದುಕೊಂಡೆ.